ಬರಿದಾದ ತೊಟ್ಟಿ: ಚರಗಳನ್ನು ಬೇರ್ಪಡಿಸುವ ವಿಧಾನ

ಒಂದು ರಾಶಿಯು ಬದಲಾಗುವ ದರಕ್ಕೂ ಆ ರಾಶಿಗೂ ಇರುವ ಸಂಬಂಧವನ್ನು ಹೇಳುವುದು ಅವಕಲ ಸಮೀಕರಣ. ಅದನ್ನು ಬಿಡಿಸುವುದೆಂದರೆ ದರವೊಂದನ್ನೇ ಹಿಡಿದು ರಾಶಿಯ ಸಮಗ್ರ ಚರಿತ್ರೆಯನ್ನು ಕಂಡುಕೊಳ್ಳುವುದು. ಆ ದರವು, ರಾಶಿಯನ್ನು ಮಾತ್ರ ಅವಲಂಬಿಸಿದ ಒಂದು ಅಪವರ್ತನ ಮತ್ತು ಕಾಲವನ್ನು ಮಾತ್ರ ಅವಲಂಬಿಸಿದ ಇನ್ನೊಂದು ಅಪವರ್ತನ, ಇವೆರಡರ ಗುಣಲಬ್ಧವಾಗಿದ್ದರೆ ಅಲ್ಲಿ ಚರಗಳನ್ನು ಬೇರ್ಪಡಿಸಬಹುದು. 1691ರಲ್ಲಿ ಲೈಬ್ನಿಟ್ಸನು ಹೈಗೆನ್ಸನಿಗೆ ಬರೆದ ಪತ್ರದಲ್ಲಿ ಈ ವಿಧಾನವು ಕಾಣಬರುತ್ತದೆ. ಇದಕ್ಕೆ ಈ ಹೆಸರನ್ನು ರೂಢಿಗೆ ತಂದವನು ಯೋಹಾನ್ ಬರ್ನೌಲಿ. ವ್ಯಾಖ್ಯೆಯ ಮಾತು ಇಲ್ಲಿಗೆ ಸಾಕು.

ಚನ್ನಪಟ್ಟಣದ ಸೀಮೆಯವರಿಗೆ ಕೆರೆ, ಏರಿ, ತೂಬುಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಣ್ವಾ ಹೊಳೆಗೆ 1946ರಲ್ಲಿ ಜಲಾಶಯ ಬರುವುದಕ್ಕೆ ಬಹಳ ಮೊದಲಿನಿಂದಲೂ ನೀರುಗಂಟಿಗಳು ತೂಬೆತ್ತಿ ಗದ್ದೆಗೆ ನೀರು ಬಿಡುತ್ತಿದ್ದವರೇ. ಮೊದಲು ಭೋರೆಂದು ಹೊರಡುವ ನೀರು ಕೆರೆ ತಗ್ಗಿದಂತೆಲ್ಲ ಸಣ್ಣಗಾಗುವುದನ್ನು ಅವರು ಬಲ್ಲರು. ಎಷ್ಟು ಸಣ್ಣಗಾಗುತ್ತದೆಂಬುದನ್ನು 1644ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಟಾರಿಚೆಲ್ಲಿ ತಿಳಿಸಿದನು: ಹೊರಬೀಳುವ ನೀರಿನ ವೇಗವು ತೂಬಿನ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಕೆರೆಯ ಬದಲು, ಸದ್ಯಕ್ಕೆ, ನೆಟ್ಟಗಿನ ಗೋಡೆಗಳುಳ್ಳ ಕಲ್ಲುತೊಟ್ಟಿಯೊಂದರ ತಳದಲ್ಲಿ ತೂಬಿದೆಯೆಂದು ಭಾವಿಸೋಣ. ಆಗ ನೀರಿನ ಮಟ್ಟ ಇಳಿಯುವ ದರವೂ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿಯೇ ಇರುತ್ತದೆ.

ಇಲ್ಲಿಯೇ ವಿದ್ಯಾರ್ಥಿ ಎಡವುವುದು. ಎತ್ತರದ ಅವಕಲವನ್ನು ಒಂದು ಬದಿಗೂ ಕಾಲದ ಅವಕಲವನ್ನು ಮತ್ತೊಂದು ಬದಿಗೂ ಭಿನ್ನರಾಶಿಯ ಅಂಶ ಛೇದಗಳಂತೆ ಎತ್ತಿಟ್ಟು ಎರಡು ಕಡೆಯೂ ಅನುಕಲನದ ಚಿಹ್ನೆ ಹಾಕುವುದನ್ನು ಕಲಿತವನು, ಉತ್ತರ ಸರಿಯಾಗಿ ಬರುವುದರಿಂದ, ತಾನು ಮಾಡಿದ್ದೇನೆಂದು ಕೇಳಿಕೊಳ್ಳುವುದೇ ಇಲ್ಲ. ಕೇಳಿಕೊಂಡವನೋ, ದರವು ಭಿನ್ನರಾಶಿಯಲ್ಲವೆಂದು ಮೊದಲ ಪಾಠದಲ್ಲಿ ಹೇಳಿದ ಉಪಾಧ್ಯಾಯರೇ ಇಂದು ಅದನ್ನು ಎರಡು ತುಂಡು ಮಾಡಿದರಲ್ಲಾ ಎಂದು ಕಂಗೆಡುತ್ತಾನೆ. ಇವನ ಸಂಶಯವೇ ನ್ಯಾಯವಾದದ್ದು. ವಾಸ್ತವವಾಗಿ ಯಾವುದನ್ನೂ ತುಂಡರಿಸಬೇಕಾಗಿಲ್ಲ. ಸಮೀಕರಣದ ಎರಡು ಬದಿಗಳನ್ನೂ ಎತ್ತರದ ವರ್ಗಮೂಲದಿಂದ ಭಾಗಿಸಿರಿ. ಬಲಗಡೆ ಬರಿಯ ಸ್ಥಿರಾಂಕ ಉಳಿಯುತ್ತದೆ. ಎಡಗಡೆಯಲ್ಲಿ ಎತ್ತರ ಬದಲಾಗುವ ದರವನ್ನು ಎತ್ತರದ ವರ್ಗಮೂಲದಿಂದ ಭಾಗಿಸಿದ ರಾಶಿಯಿದೆಯಷ್ಟೆ. ಸರಪಳಿ ನಿಯಮದ ಮೇರೆಗೆ ಅದು ವರ್ಗಮೂಲದ ಇಮ್ಮಡಿಯು ಬದಲಾಗುವ ದರವೇ ಹೊರತು ಬೇರೆಯಲ್ಲ. ಅಂದಮೇಲೆ ವರ್ಗಮೂಲವು ಒಂದೇ ದರದಲ್ಲಿ ಇಳಿಯುತ್ತದೆ. ಚರಗಳನ್ನು ಬೇರ್ಪಡಿಸುವುದೆಂದರೆ, ಸಮದರದಲ್ಲಿ ನಡೆಯದ ರಾಶಿಯೊಳಗೆ ಸಮದರದಲ್ಲಿ ನಡೆಯುವ ಇನ್ನೊಂದು ರಾಶಿಯನ್ನು ಹುಡುಕಿ ತೆಗೆಯುವುದು; ಎತ್ತಿಡುವ ಕೈಚಳಕ ಕೇವಲ ಬರವಣಿಗೆಯ ಸೌಕರ್ಯ.

ತೊಟ್ಟಿಯಲ್ಲಿ 16 ಅಡಿ ನೀರಿದ್ದು ಒಂದು ಗಂಟೆಯ ತರುವಾಯ 9 ಅಡಿಗೆ ಇಳಿಯಿತೆನ್ನಿ. ವರ್ಗಮೂಲವು 4ರಿಂದ 3ಕ್ಕೆ ಬಂತು. ಮುಂದಿನ ಗಂಟೆಗಳಲ್ಲಿ 2, 1, 0 ಆಗಬೇಕು. ನೀರು 4 ಅಡಿ, 1 ಅಡಿ, ಆಮೇಲೆ ಬರಿದು. ಗಂಟೆಗಂಟೆಗೂ ಇಳಿದದ್ದು 7, 5, 3, 1 ಅಡಿ. ಮೇಲಿನಿಂದ ಬಿಟ್ಟ ಕಲ್ಲು ಸಮಾನ ಕಾಲಾವಧಿಗಳಲ್ಲಿ 1, 3, 5, 7ರ ಪ್ರಮಾಣದಲ್ಲಿ ಬೀಳುತ್ತದೆಂದು ಗೆಲಿಲಿಯೊ ತೋರಿಸಿದ್ದನು. ಅವನ ಕಡೆಗಾಲದಲ್ಲಿ ಜತೆಗಿದ್ದ ಟಾರಿಚೆಲ್ಲಿಯ ತೊಟ್ಟಿಯಲ್ಲಿ ಅದೇ ಸಾಲು ಹಿಮ್ಮೊಗವಾಗಿ ನಡೆದುಬರುವುದನ್ನು ಕಂಡಾಗಲೆಲ್ಲ ನನಗೆ ಆಗುವ ಸಂತೋಷವನ್ನು ಓದುಗರು ಮನ್ನಿಸಬೇಕು.

ಇನ್ನು ಐದನೆಯ ಗಂಟೆಗೆ ಏನಾಗುತ್ತದೆ? ನಾಲ್ಕರಲ್ಲಿ ಗಂಟೆಗಳ ಸಂಖ್ಯೆಯನ್ನು ಕಳೆದು ವರ್ಗ ಮಾಡಿದರೆ ಎತ್ತರವೆಂಬ ನಮ್ಮ ಸೂತ್ರವನ್ನು ನಂಬಿದರೆ 1 ಅಡಿ ನೀರು. ಎಂಟನೆಯ ಗಂಟೆಗೆ ತೊಟ್ಟಿ ಮತ್ತೆ ತುಂಬಿ 16 ಅಡಿ! ಮಳೆಯಿಲ್ಲದೆ ತುಂಬುವ ತೊಟ್ಟಿ ಚನ್ನಪಟ್ಟಣದವರಿಗೆ ಒಪ್ಪಿಗೆಯೇ, ಆದರೆ ಅಂಥದು ಸಿಕ್ಕುವುದಿಲ್ಲ. ತಪ್ಪು ನಡೆದದ್ದು ಭಾಗಾಕಾರದಲ್ಲಿ. ಎತ್ತರ ಸೊನ್ನೆಯಾದಾಗ ಅದರ ವರ್ಗಮೂಲದಿಂದ ಭಾಗಿಸಲಾಗದು. ಎತ್ತರವು ಯಾವಾಗಲೂ ಸೊನ್ನೆ ಎಂಬ ಪರಿಹಾರವೂ ಸಮೀಕರಣಕ್ಕೆ ಒಪ್ಪುವಂಥದೇ ಆಗಿದ್ದರೂ ಭಾಗಿಸಿದ ಕ್ಷಣದಲ್ಲಿ ಅದು ನಮ್ಮ ಕೈತಪ್ಪಿತು. ನಿಜವಾದ ಪರಿಹಾರವು ನಾಲ್ಕನೆಯ ಗಂಟೆಯವರೆಗೆ ಸೂತ್ರವನ್ನು ಅನುಸರಿಸಿ, ಅಲ್ಲಿಂದ ಮುಂದೆ, ಕೈತಪ್ಪಿದ ಪರಿಹಾರವನ್ನೇ ಹಿಡಿದು ಸೊನ್ನೆಯಲ್ಲಿ ಸಾಗುತ್ತದೆ.

ಭಾಗಿಸುವಾಗ ಒಂದು ಪರಿಹಾರ ಕೈತಪ್ಪುವುದು ಬೇರೆಡೆಯೂ ಉಂಟು. ಆದರೆ ಎಲ್ಲೆಡೆಯೂ ಅದರಿಂದ ಇಷ್ಟು ತೊಡಕಾಗುವುದಿಲ್ಲ. ಇದೇ ಊರಿನ ಗೊಂಬೆಗಳಿಗೆ ಬೇಕಾದ ಆಲೆ ಮರವನ್ನು ಕಡೆಯುವ ಮುನ್ನ ಅದರ ಹಸಿಯಾರಲು ಬಿಡುತ್ತಾರಷ್ಟೆ. ಸುತ್ತಲಿನ ಗಾಳಿಗೆ ಸರಿಹೊಂದುವುದಕ್ಕಿಂತ ಮರದಲ್ಲಿ ಹೆಚ್ಚಾಗಿರುವ ತೇವವು, ತೆಳುವಾದ ತುಂಡುಗಳಲ್ಲಿ ಸ್ಥೂಲವಾಗಿ, ಆ ಹೆಚ್ಚಳಕ್ಕೇ ಅನುಪಾತವಾದ ದರದಲ್ಲಿ ಆರುತ್ತದೆ. ಇಲ್ಲಿ ಸಮದರದಲ್ಲಿ ಇಳಿಯುವುದು ಹೆಚ್ಚಳದ ಲಘುಗಣಕ. ವರ್ಗಮೂಲಕ್ಕೆ ಸೊನ್ನೆಯೆಂಬ ನೆಲವಿದೆ. ಲಘುಗಣಕಕ್ಕೆ ನೆಲವೇ ಇಲ್ಲ. ಆದಕಾರಣ ಹೆಚ್ಚಳವು 32 ಇದ್ದದ್ದು 16, 8, 4 ಎಂದು ಸಮಾನ ಕಾಲಾವಧಿಗಳಲ್ಲಿ ಅರ್ಧರ್ಧವಾಗುತ್ತ ಹೋಗುವುದೇ ಹೊರತು, ಪೂರ್ಣವಾಗಿ ಒಣಗಿದ ಮರವೆಂಬ ಪರಿಹಾರವನ್ನು ಎಂದಿಗೂ ಮುಟ್ಟುವುದಿಲ್ಲ.

ಈ ವ್ಯತ್ಯಾಸದ ಫಲ ದೊಡ್ಡದು. ಮರದ ಇಂದಿನ ತೇವವನ್ನು ಕರಾರುವಾಕ್ಕಾಗಿ ಅಳೆಯಬಲ್ಲವನು, ನಿನ್ನೆ ಅದು ಎಷ್ಟಿತ್ತೆಂಬುದನ್ನು ಲೆಕ್ಕ ಹಾಕಿ ಹೇಳಬಲ್ಲನು. ಬರಿದಾದ ತೊಟ್ಟಿಯನ್ನು ನೋಡಿ ಅದು ಯಾವಾಗ ಬರಿದಾಯಿತೆಂದು ಯಾವ ಪಂಡಿತನೂ ಹೇಳಲಾರನು. ಏಕೆಂದರೆ ಭಿನ್ನ ಭಿನ್ನ ಹೊತ್ತಿನಲ್ಲಿ ಬರಿದಾದ ಅಸಂಖ್ಯ ತೊಟ್ಟಿಗಳ ಚರಿತ್ರೆಗಳೆಲ್ಲ ಒಂದೇ ಸೊನ್ನೆಯಲ್ಲಿ ಬಂದು ಸೇರಿವೆ. ಯಾವ ಸಮೀಕರಣದಲ್ಲಿ ಚರಿತ್ರೆಗಳು ಹೀಗೆ ಕೂಡಲಾರವೆಂಬುದಕ್ಕೆ ಲಿಪ್‌ಶಿಟ್ಸನ ಹೆಸರಿನ ನಿಬಂಧನೆಯೊಂದುಂಟು. ಕಾಲೇಜಿನ ಪುಸ್ತಕಗಳಲ್ಲಿ ಕಡೆಯ ಪುಟಗಳಿಗೆ ತಳ್ಳಿಸಿಕೊಂಡಿರುವ ಆ ಪ್ರಕರಣವನ್ನು ಓದುಗರು ದಯಮಾಡಿ ಬಿಡದೆ ಓದಬೇಕೆಂದು ನನ್ನ ವಿಜ್ಞಾಪನೆ.

ನಿಜವಾದ ಕೆರೆಯ ಗೋಡೆ ನೆಟ್ಟಗಿರದೆ ತಟ್ಟೆಯಂತೆ ಹರಡಿರುವುದರಿಂದ ನೀರಿನ ವಿಸ್ತೀರ್ಣವೂ ಎತ್ತರದೊಡನೆ ಬದಲಾಗುತ್ತದೆ. ಅದರಿಂದ ನಮ್ಮ ವಿಧಾನಕ್ಕೆ ಬಾಧೆಯಿಲ್ಲ, ವಿಸ್ತೀರ್ಣವೂ ಎತ್ತರದ ಬದಿಗೇ ಸೇರುತ್ತದೆ. ಮೇಲಿನಿಂದ ಮಳೆನೀರು ಹೊತ್ತಿಗೊಂದು ಪ್ರಮಾಣದಲ್ಲಿ ಬಂದು ಕೂಡಿದರೆ ಮಾತ್ರ ದರವು ಗುಣಲಬ್ಧವಾಗಿರದೆ ಮೊತ್ತವಾಗುತ್ತದೆ. ಅಲ್ಲಿ ಚರಗಳು ಬೇರ್ಪಡವು. ಅದು ಬೇರೊಂದು ಅಧ್ಯಾಯದ ವಿಷಯ. ಅಷ್ಟರಲ್ಲಿ, ನೀರಿನ ಮಟ್ಟವು ಗಂಟೆಗಂಟೆಗೂ ಸರಿಸಮನಾಗಿ ಇಳಿದು, ಗೋಡೆಯ ಮೇಲೆ ಗೆರೆಗಳನ್ನೆಳೆದರೆ ಗಡಿಯಾರವೇ ಆಗಿಬಿಡುವ ತೊಟ್ಟಿಯ ಆಕಾರ ಹೇಗಿರಬೇಕೆಂಬುದನ್ನು ಓದುಗರು ತಾವೇ ಕಂಡುಹಿಡಿಯಲಿ. ಅದರ ವಿಸ್ತೀರ್ಣವು ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರಬೇಕು ಎಂಬಷ್ಟನ್ನು ಮಾತ್ರ ಹೇಳಿರುತ್ತೇನೆ.