ಚೂರಿಯ ಹಿಡಿಯ ತಿರುಪುಮೊಳೆಗೆ ಅಲಂಕಾರ

ಉಪಕರಣವೊಂದರ ಅಂದವನ್ನು ಅದರ ದೊಡ್ಡ ಭಾಗಗಳಲ್ಲಿ ಅರಸುವುದು ಲೋಕರೂಢಿ. ಕುಶಲಕರ್ಮಿಯ ಶ್ರದ್ಧೆಯನ್ನು ಅರಿಯಬೇಕಾದರೆ ಮಾತ್ರ ಅತ್ಯಂತ ಚಿಕ್ಕ ಭಾಗವನ್ನು ನೋಡತಕ್ಕದ್ದು. ಕೈಯಿಂದ ತಯಾರಿಸಿದ ಚೂರಿಯಲ್ಲಿ ಅಂತಹ ಭಾಗವೆಂದರೆ ಹಿಡಿಯನ್ನು ಅಲಗಿಗೆ ಬಂಧಿಸುವ ತಿರುಪುಮೊಳೆ, ಅರ್ಥಾತ್ ಸ್ಕ್ರೂ.

ಹರವೆಯ ಸುತ್ತಿನ ಹೊಲಗಳಲ್ಲಿ ಬಳಕೆಯಾಗುವಂತಹ ಕುಡುಗೋಲಿಗೆ ಸ್ಕ್ರೂ ಬೇಕಿಲ್ಲ. ಅದರ ಮೊನಚಾದ ಬಾಲವನ್ನು ಮರದ ಹಿಡಿಯೊಳಕ್ಕೆ ಇಳಿಸಿ, ಹಿಡಿ ಸೀಳದಂತೆ ಲೋಹದ ಬಳೆ ತೊಡಿಸಿದರೆ ಸಾಕು. ಬಾಲವು ಹಿಡಿಯಷ್ಟೇ ಅಗಲವಾಗಿರುವ ಚೂರಿಗಾದರೋ ಇಕ್ಕೆಲಗಳಲ್ಲಿ ಮರದ ಅಥವಾ ಕೊಂಬಿನ ಹಲ್ಲೆಗಳನ್ನು ಕೂಡಿಸಬೇಕು. ಆಗ ರಿವೆಟ್ ಅಥವಾ ಸ್ಕ್ರೂ ಅವಶ್ಯ. ರಿವೆಟ್ಟನ್ನು ಕೆಡಿಸದೆ ಬಿಚ್ಚಲಾಗದು. ಸ್ಕ್ರೂವನ್ನು ಬಿಚ್ಚಿ ಹಳೆಯ ಹಿಡಿಯನ್ನು ಬದಲಿಸಬಹುದು.

ಆಯುಧಾಲಂಕಾರದ ಮರ್ಯಾದೆಯನ್ನು ಕೊಡಗಿನ ಪೀಚೆಕತ್ತಿ ಸೊಗಸಾಗಿ ತಿಳಿಸುತ್ತದೆ. ಕೊಡವರು ಸೊಂಟದಲ್ಲಿ ಧರಿಸುವ ಈ ಕತ್ತಿಯ ಹಿಡಿ ಮತ್ತು ಒರೆಗಳಿಗೆ ಬೆಳ್ಳಿಯ ಕೆಲಸ ಮಾಡಿ, ಸರಪಳಿಯನ್ನು ತೂಗಬಿಡುವುದುಂಟು. ಕತ್ತರಿಸುವ ಬಾಯಿಗೆ ಅಲಂಕಾರವಿಲ್ಲ. ಸ್ಕ್ರೂವಿಗೂ ಇದೇ ನಿಯಮ: ಅಲಂಕಾರ ತಲೆಗೆ ಮಾತ್ರ, ಸುತ್ತುಗೆರೆಗಳನ್ನು ಮುಟ್ಟಕೂಡದು.

ಪೇಟೆಯ ಸಾದಾ ಸ್ಕ್ರೂವನ್ನು ನೇರವಾಗಿ ವೈಸ್‌ನಲ್ಲಿ ಬಿಗಿದರೆ ಸುತ್ತುಗೆರೆಗಳು ಜಜ್ಜಿಹೋಗುತ್ತವೆ. ಹಿತ್ತಾಳೆಯ ತುಂಡಿನಲ್ಲಿ ಅದೇ ಅಳತೆಯ ತಿರುಪುರಂಧ್ರ ಕೊರೆದು, ಅದರಲ್ಲಿ ಸ್ಕ್ರೂ ನಿಲ್ಲಿಸಿ, ಆ ತುಂಡನ್ನು ಬಿಗಿಯಬೇಕು. ತಲೆಯನ್ನು ಅರದಿಂದ ತುಸು ಗುಮ್ಮಟವಾಗಿಸಿ, ಒರಟಿನಿಂದ ನಯದವರೆಗಿನ ಉಪ್ಪುಕಾಗದಗಳಿಂದ ಕ್ರಮವಾಗಿ ಉಜ್ಜಬೇಕು. ಬಳಿಕ ಕೈವಾರವನ್ನು ತಲೆಯ ವ್ಯಾಸದ ಅರ್ಧಕ್ಕೆ ಹಿಡಿದು, ಸೀಳುಗಂಡಿಯ ಒಂದು ತುದಿಯಿಂದ ಆರಂಭಿಸಿ ಅಂಚಿನುದ್ದಕ್ಕೂ ಹೆಜ್ಜೆಯಿಡಿಸಿದರೆ ಸರಿಯಾಗಿ 6 ಬಿಂದುಗಳು ದೊರೆಯುತ್ತವೆ. ಅವುಗಳಲ್ಲಿ 2 ಗಂಡಿಯ ತುದಿಗಳೇ ಆಗಿರುತ್ತವೆ. ಉಳಿದ 4 ಕಡೆ ಸಣ್ಣ ಮುಮ್ಮೂಲೆ ಅರದಿಂದ ಕಚ್ಚು ಹಾಕಿದರೆ ಆರು ದಳಗಳ ಹೂವು ಮೂಡುತ್ತದೆ. ಶಾಲೆಯ ರೇಖಾಗಣಿತ ಇಲ್ಲಿ ಲೋಹದ ಮೇಲೆ ಅರಳುತ್ತದೆ.

ಬಣ್ಣ ಬೇಕಾದರೆ ಲೇಪನವಿಲ್ಲದ ಸಾದಾ ಉಕ್ಕಿನ ಸ್ಕ್ರೂವನ್ನು ಬಿಸಿಮರಳಿನಲ್ಲಿ ನಿಧಾನವಾಗಿ ಕಾಯಿಸಬಹುದು. ಮೇಲ್ಮೈಯಲ್ಲಿ ಬೆಳೆಯುವ ತೆಳುವಾದ ಆಕ್ಸೈಡ್ ಪದರದಿಂದ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲುಹಳದಿ, 280ರ ಸುಮಾರಿಗೆ ನೇರಳೆ, 300ರ ಹತ್ತಿರ ನೀಲಿ ತೋರುತ್ತದೆ. ಬಯಸಿದ ಬಣ್ಣ ಬಂದೊಡನೆ ಎಣ್ಣೆಯಲ್ಲಿ ಅದ್ದಬೇಕು. ಸತುವಿನ ಲೇಪನವುಳ್ಳ ಸ್ಕ್ರೂವನ್ನು ಕಾಯಿಸಲೇಬಾರದು. ಅದರ ಹೊಗೆ ಆರೋಗ್ಯಕ್ಕೆ ಹಾನಿಕರ. ಹಿಡಿಯಲ್ಲಿದ್ದಾಗಲೂ ಕಾಯಿಸಬಾರದು, ಮರ ಸುಡುವುದಲ್ಲದೆ ಅಲಗಿನ ಹದವೂ ಕೆಡಬಹುದು. ಅಡುಗೆಮನೆಯ ಚೂರಿಗೆ ಆಳವಾದ ಕಚ್ಚುಗಳು ಸಲ್ಲವು. ಅವುಗಳಲ್ಲಿ ಕೊಳೆ ನಿಲ್ಲುತ್ತದೆ. ನಿಂಬೆಯ ಹುಳಿ ತಗುಲಿದರೆ ಈ ಬಣ್ಣವೂ ಅಳಿಯುತ್ತದೆ. ಕೊನೆಗೆ ಎಲ್ಲ ಗಂಡಿಗಳೂ ಹಿಡಿಯ ಉದ್ದಕ್ಕೆ ಒಂದೇ ಸಾಲಿನಲ್ಲಿ ನಿಲ್ಲುವಂತೆ ಬಿಗಿದರೆ ಕೆಲಸ ಪೂರ್ಣ.

ಇದಕ್ಕೆ ಬೇಕಾದುದು ಅರ, ಕೈವಾರ, ಉಪ್ಪುಕಾಗದ ಮತ್ತು ತಾಳ್ಮೆ. ಬಾಚಿಕಾಯಕದ ಬಸವಯ್ಯನಂತಹವರು ಅನುಭಾವಿಗಳ ಸಾಲಿನಲ್ಲಿ ಕುಳಿತ 12ನೆಯ ಶತಮಾನದ ಶರಣ ಪರಂಪರೆಯು ಕೈಗೆಲಸಕ್ಕೆ ಗೌರವವನ್ನು ತಂದಿತು. ಆ ಪರಂಪರೆಯಲ್ಲಿ ನಡೆಯುವ ವಿದ್ಯಾಸಂಸ್ಥೆಗಳ ಮಕ್ಕಳು ಪುಸ್ತಕದೊಡನೆ ಅರವನ್ನೂ ಹಿಡಿಯಲು ಕಲಿತರೆ, ಅಲ್ಪವಾದ ಮೊಳೆಯೂ ಅವರಿಗೆ ಕಾಯಕದ ಪಾಠವನ್ನು ಹೇಳಬಲ್ಲದು.