ಅಂಡಾಶಯದ ಗಡ್ಡೆ ಕ್ಯಾನ್ಸರೇ ಎಂಬುದು ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗುತ್ತದೆಯೇ?

ಅಂಡಾಶಯದ ಗಡ್ಡೆಯ ಸ್ವಭಾವವನ್ನು ಅಲ್ಟ್ರಾಸೌಂಡ್ ಬಹಳಷ್ಟು ಸಲ ಸರಿಯಾಗಿ ಅಂದಾಜಿಸುತ್ತದೆ. ಖಚಿತಪಡಿಸುವುದು ಅಂಗಾಂಶ ಪರೀಕ್ಷೆಯೇ. ನೀರು ಮಾತ್ರ ತುಂಬಿದ, ನಯವಾದ ಗೋಡೆಯ ಒಂದೇ ಕೋಣೆಯ ಚೀಲ ಸಾಮಾನ್ಯವಾಗಿ ನಿರಪಾಯಕಾರಿ. ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್ ಗಡ್ಡೆ ನೋಡಲು ಗಾಬರಿ ಹುಟ್ಟಿಸಿದರೂ ಅದರ ಹಿಂದೆ ಬೀಳುವ ಕಪ್ಪು ನೆರಳು ನೆಮ್ಮದಿಯ ಗುರುತು. ಅಂಕುಡೊಂಕಾದ ಘನ ಗಡ್ಡೆ, ಒಳಗೋಡೆಯಿಂದ ಚಾಚಿದ ನಾಲ್ಕು ಅಥವಾ ಹೆಚ್ಚು ಮೊಳಕೆಗಳು, ಹೊಟ್ಟೆಯಲ್ಲಿ ನೀರು, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಾಣುವ ದಟ್ಟ ಸಂಚಾರ ಶಂಕೆ ಮೂಡಿಸುತ್ತವೆ. ಐಒಟಿಎ ಎಂಬ ಅಂತರರಾಷ್ಟ್ರೀಯ ಸಂಶೋಧಕರ ತಂಡ 2008ರಲ್ಲಿ ಇಂಥ ಹತ್ತು ಲಕ್ಷಣಗಳ ‘ಸರಳ ನಿಯಮ’ಗಳನ್ನು ಪ್ರಕಟಿಸಿತು: ಐದು ನಿರಪಾಯದವು, ಐದು ಅಪಾಯದವು. ಎರಡೂ ಬಗೆಯವು ಬೆರೆತಿದ್ದರೆ, ಅಥವಾ ಒಂದೂ ಕಾಣದಿದ್ದರೆ, ನಿಯಮ ಉತ್ತರ ಕೊಡದು; ಅನುಭವಿ ತಜ್ಞರೇ ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡಬೇಕು.