ಇಳಿಯುವುದೋ, ಉಳಿಯುವುದೋ?

ಎಲ್ಲರೂ ಗೆಲ್ಲುವ ಕ್ಲಬ್ಬನ್ನೇ ಹಿಡಿಯುತ್ತಾರೆ. ನಾನು ಹಿಡಿದದ್ದು ಇಂಗ್ಲೆಂಡಿನ ಲೆಸ್ಟರ್ ಸಿಟಿ. ಕಾಮರ್ಸ್ ಓದುವವನಿಗೆ ನಷ್ಟದ ಲೆಕ್ಕವೂ ಗೊತ್ತಿರಬೇಕಲ್ಲ!

ಅಲ್ಲಿಯ ಪ್ರೀಮಿಯರ್ ಲೀಗಿನಲ್ಲಿ 20 ತಂಡ, ಪ್ರತಿಯೊಂದಕ್ಕೂ 38 ಪಂದ್ಯ. ಗೆದ್ದರೆ 3 ಪಾಯಿಂಟು, ಸಮವಾದರೆ 1. ಕೊನೆಯ 3 ತಂಡ ಕೆಳಗಿನ ದರ್ಜೆಗೆ ಇಳಿಯಬೇಕು.

2014-15ರಲ್ಲಿ 29 ಪಂದ್ಯ ಮುಗಿದಾಗ ಲೆಸ್ಟರ್ ಗಳಿಸಿದ್ದು ಬರೀ 19. ಅದೇ ಸರಾಸರಿಯಲ್ಲಿ ಹೋದರೆ ಕೊನೆಗೆ 25, ಇನ್ನು ಉಳಿಯೋದೆಲ್ಲಿ? ಆದರೆ ಬಾಕಿ 9 ಪಂದ್ಯಗಳಲ್ಲಿ 27 ಪಾಯಿಂಟು ಇತ್ತು. ಲೆಸ್ಟರ್ 7 ಗೆದ್ದು, 1 ಸಮ ಮಾಡಿಕೊಂಡು, 22 ಜಮಾ ಮಾಡಿತು. ಒಟ್ಟು 41, ಸ್ಥಾನ 14. ಮರುವರ್ಷ ಚಾಂಪಿಯನ್ನೇ ಆಯಿತು!

ಆ ಪವಾಡ ನಂಬಿಯೇ ನಾವು ಕೆಟ್ಟೆವು. 2023ರ ಮೇ 28, ಕೊನೆಯ ಪಂದ್ಯ. 'ಗೆದ್ದರೆ ಸಾಕು' ಅಂತ ಕೂತಿದ್ದೆ. ಗೆದ್ದೆವು ಕೂಡ. ಆದರೆ ಅತ್ತ ಎವರ್ಟನ್ನೂ ಗೆದ್ದುಬಿಟ್ಟಿತು. ಅವರದು 36, ನಮ್ಮದು 34. ಇಳಿದೆವು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಆದ್ದರಿಂದ ಮಿತ್ರರೇ, ಸರಾಸರಿ ನೋಡಿ ಎದೆಗುಂದಬೇಡಿ. ಎಷ್ಟು ಪಂದ್ಯ ಬಾಕಿ ಇದೆ ನೋಡಿ. ಹಾಗೆಯೇ ನಮ್ಮ ಖಾತೆಯೊಂದನ್ನೇ ನೋಡಿ ಹಿಗ್ಗಲೂಬೇಡಿ. ಪಕ್ಕದವರ ಖಾತೆಯೂ ತೆರೆದೇ ಇರುತ್ತದೆ.